ಕಣ್ಣುರೆಪ್ಪೆಯ ಸೌಂದರ್ಯ ಶಸ್ತ್ರಚಿಕಿತ್ಸೆ: ಕನ್ನಡಿಯ ಮುಂದಿನಿಂದ ಹೊಲಿಗೆ ಬಿಚ್ಚಿದ ಮೇಲಿನವರೆಗೆ

ಕಣ್ಣಾಸ್ಪತ್ರೆಯೊಂದರ ಒಪಿಡಿಯಲ್ಲಿ ದೃಷ್ಟಿ ಪರೀಕ್ಷೆ ಮಾಡುವುದು ನನ್ನ ಕೆಲಸ. ರೆಪ್ಪೆ ಸರಿಮಾಡಿಸಿಕೊಳ್ಳಬೇಕು ಅಂತ ಬರುವವರು ಕುರ್ಚಿಯಲ್ಲಿ ಕೂತ ಕೂಡಲೇ ಕೇಳುವುದು ಎರಡೇ ಪ್ರಶ್ನೆ: ಎಷ್ಟಾಗುತ್ತೆ, ಎಷ್ಟು ದಿನ ರಜೆ ಹಾಕಬೇಕು. ಎರಡೂ ಕೊನೆಗೆ ಕೇಳಬೇಕಾದವು. ಮೊದಲು ಕೇಳಬೇಕಾದದ್ದು, ಜೋತಿರುವುದು ಏನು ಅಂತ. ಚರ್ಮವೋ, ರೆಪ್ಪೆ ಎತ್ತುವ ಸ್ನಾಯುವೋ, ಹುಬ್ಬೋ, ಒಳಗಿನ ಕೊಬ್ಬೋ, ಇಲ್ಲಾ ಬರೀ ಕಪ್ಪು ಬಣ್ಣವೋ? ಒಂದೊಂದಕ್ಕೂ ಚಿಕಿತ್ಸೆ ಬೇರೆ. ಇದು ಗೊತ್ತಿಲ್ಲದೆ ಎಲ್ಲೋ ಮಾಡಿಸಿಕೊಂಡು, "ದುಡ್ಡೂ ಹೋಯ್ತು, ಕಣ್ಣೂ ಹಾಗೇ ಇದೆ" ಅಂತ ಬರುವವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಾತಿನಲ್ಲಿ ರೆಪ್ಪೆ ಅಂದರೆ ಕೂದಲೂ ಹೌದು, ಕಣ್ಣು ಮುಚ್ಚುವ ಚರ್ಮವೂ ಹೌದು. ಇಲ್ಲಿ ರೆಪ್ಪೆ ಅಂದರೆ ಚರ್ಮ. ಕೂದಲಿಗೆ ರೆಪ್ಪೆಗೂದಲು ಅಂತಲೇ ಬರೆಯುತ್ತೇನೆ. ರೆಪ್ಪೆಯ ಹೆಚ್ಚುವರಿ ಚರ್ಮ, ಕೊಬ್ಬನ್ನು ಸರಿಮಾಡುವ ಈ ಆಪರೇಷನ್ನಿಗೆ ಡಾಕ್ಟರುಗಳ ಬಾಯಲ್ಲಿ ಬ್ಲೆಫರೋಪ್ಲಾಸ್ಟಿ ಅಂತ ಹೆಸರು.

ಹಂತ 1: ಜೋತಿರುವುದು ಏನೆಂದು ಮನೆಯಲ್ಲೇ ನೋಡಿಕೊಳ್ಳಿ

ಬೇಕಾದದ್ದು ಕಿಟಕಿಯ ಬೆಳಕು, ಒಂದು ಫೋನು, ಜೊತೆಗೊಬ್ಬರು, ಹತ್ತು ವರ್ಷದ ಹಿಂದಿನ ಒಂದು ಫೋಟೊ. ಮದುವೆ ಆಲ್ಬಂ ಇದ್ದರೆ ಇನ್ನೂ ಒಳ್ಳೆಯದು. ಎಷ್ಟೋ ಸಲ ಈಗ ಬಂದದ್ದು ಅಂದುಕೊಂಡ ಓರೆಕೋರೆ ಆ ಫೋಟೊದಲ್ಲೇ ಇರುತ್ತದೆ.

ಕಿಟಕಿಗೆ ಮುಖಮಾಡಿ ಕೂತು, ಫೋನನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿಸಿ ಫೋಟೊ ತೆಗೆಸಿ. ಸೆಲ್ಫಿ ಬೇಡ. ಕೈ ಎತ್ತಿ ತೆಗೆದ ಸೆಲ್ಫಿಯಲ್ಲಿ ಎಲ್ಲರ ಕಣ್ಣೂ ಅರಳಿಯೇ ಇರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆಯಿರಿ.

ಆಮೇಲೆ ಹಣೆಯ ಪರೀಕ್ಷೆ. ಕಣ್ಣು ಮುಚ್ಚಿ ಹಣೆ ಸಡಿಲ ಬಿಡಿ. ಜೊತೆಗಿರುವವರು ಹುಬ್ಬಿನ ಮೇಲೆ ಹೆಬ್ಬೆರಳಿಟ್ಟು ಮೆತ್ತಗೆ ಅದುಮಿಕೊಳ್ಳಲಿ. ಈಗ ಕಣ್ಣು ಬಿಡಿ. ರೆಪ್ಪೆ ಏಳಲು ಒದ್ದಾಡಿದರೆ, ಇಷ್ಟು ದಿನ ಅದನ್ನು ಎತ್ತಿ ಹಿಡಿದದ್ದು ನಿಮ್ಮ ಹಣೆ ಅಂತ ಅರ್ಥ. ಸಂಜೆ ಹೊತ್ತಿಗೆ ಹಣೆ ಹಿಡಿದುಕೊಳ್ಳುತ್ತದೆ, ತಲೆ ಭಾರ ಅನ್ನುವವರಲ್ಲಿ ಇದು ತುಂಬಾ ಸಾಮಾನ್ಯ.

ಕಂಡದ್ದನ್ನು ಹೀಗೆ ಓದಿಕೊಳ್ಳಿ.

ಮೇಲ್ರೆಪ್ಪೆಯ ಅಂಚು ಸಾಮಾನ್ಯವಾಗಿ ಕಣ್ಣುಗುಡ್ಡೆಯಲ್ಲಿ ಪಾಪೆಯ ಸುತ್ತಲಿನ ಬಣ್ಣದ ವೃತ್ತದ ಮೇಲ್ಭಾಗವನ್ನು 1ರಿಂದ 2 ಮಿಲಿಮೀಟರ್ ಮುಚ್ಚಿರುತ್ತದೆ. ಅಂಚು ಅಲ್ಲೇ ಇದ್ದು, ಚರ್ಮದ ಮಡಿಕೆ ಮಾತ್ರ ರೆಪ್ಪೆಗೂದಲಿನ ಮೇಲೆ ಬಿದ್ದಿದ್ದರೆ ಅದು ಹೆಚ್ಚುವರಿ ಚರ್ಮ. ಬ್ಲೆಫರೋಪ್ಲಾಸ್ಟಿ ಚೆನ್ನಾಗಿ ಫಲ ಕೊಡುವುದು ಇಂಥವರಿಗೆ.

ಅಂಚೇ ಕೆಳಗಿಳಿದು ಪಾಪೆಯ ಹತ್ತಿರ ಬಂದಿದ್ದರೆ ಅದು ಟೋಸಿಸ್, ಅಂದರೆ ರೆಪ್ಪೆ ಎತ್ತುವ ಸ್ನಾಯುವಿನ ಸಡಿಲತೆ. ಇಲ್ಲಿ ಚರ್ಮ ಎಷ್ಟು ಕತ್ತರಿಸಿದರೂ ಕಣ್ಣು ತೆರೆದುಕೊಳ್ಳುವುದಿಲ್ಲ, ಸ್ನಾಯುವನ್ನೇ ಬಿಗಿ ಮಾಡಬೇಕು. ಜನ ಅತಿ ಹೆಚ್ಚು ಎಡವುವುದು ಇಲ್ಲೇ.

ಹುಬ್ಬನ್ನು ಬೆರಳಿನಿಂದ ಮೇಲೆತ್ತಿದಾಗ ಮಡಿಕೆ ಮಾಯವಾದರೆ ಇಳಿದಿರುವುದು ಹುಬ್ಬು. ಅದನ್ನು ಬಿಟ್ಟು ರೆಪ್ಪೆಯ ಚರ್ಮ ತೆಗೆದರೆ ಹುಬ್ಬು ಇನ್ನಷ್ಟು ಕೆಳಗೆ ಜಗ್ಗಿ, ಮುಖಕ್ಕೆ ಸಿಟ್ಟಿನ ಕಳೆ ಬರುತ್ತದೆ.

ಕಣ್ಣಿನ ಕೆಳಗೆ ಚೀಲ ಇದ್ದರೆ, ತಲೆ ಅಲುಗಿಸದೆ ಕಣ್ಣು ಮಾತ್ರ ಮೇಲೆತ್ತಿ ಸೂರು ನೋಡಿ. ಚೀಲ ಇನ್ನೂ ಉಬ್ಬಿದರೆ ಅದು ಕೊಬ್ಬು. ಬೆಳಿಗ್ಗೆ ಜಾಸ್ತಿಯಿದ್ದು ಸಂಜೆಗೆ ಇಳಿಯುವಂಥದ್ದು ನೀರಿನ ಊತ. ಉಪ್ಪು, ನಿದ್ದೆ, ಅಲರ್ಜಿ, ಥೈರಾಯ್ಡ್, ಕಿಡ್ನಿ, ಹೀಗೆ ಅದರ ಬೇರು ಬೇರೆ ಕಡೆ ಇರುತ್ತದೆ. ಕತ್ತರಿಗೆ ಅಲ್ಲಿ ಕೆಲಸವಿಲ್ಲ.

ಕಪ್ಪು ವರ್ತುಲದ ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿಗೆ ಬರುವವರಲ್ಲಿ ಬಹುಪಾಲು ಇದೇ. ಮುಖವನ್ನು ಬೆಳಕಿನ ಕಡೆಗೆ ಎತ್ತಿದಾಗ ಕಪ್ಪು ಹೋದರೆ ಅದು ಗುಳಿಯ ನೆರಳು, ಚಿಕಿತ್ಸೆಗೆ ದಾರಿಯಿದೆ. ಬೆಳಕು ಬಿದ್ದರೂ, ಚರ್ಮ ಹಿಗ್ಗಿಸಿದರೂ ಹಾಗೇ ಉಳಿದರೆ ಅದು ಚರ್ಮದ್ದೇ ಬಣ್ಣ. ಆ ಬಣ್ಣವನ್ನು ಈ ಆಪರೇಷನ್ ತೆಗೆಯುವುದಿಲ್ಲ.

ಹಂತ 2: ಕಾಯಿಲೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ರೆಪ್ಪೆ ಒಂದೆರಡು ದಿನದಲ್ಲಿ ದಿಢೀರನೆ ಬಿದ್ದು, ಜೊತೆಗೆ ಒಂದು ಎರಡಾಗಿ ಕಾಣುವುದು, ವಿಪರೀತ ತಲೆನೋವು, ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು ಇದ್ದರೆ ಸೌಂದರ್ಯದ ಮಾತನ್ನೇ ಮರೆತು ತಕ್ಷಣ ದೊಡ್ಡಾಸ್ಪತ್ರೆಯ ತುರ್ತು ಚಿಕಿತ್ಸೆಗೆ ಹೋಗಿ. ಅದು ನರದ, ಕೆಲವೊಮ್ಮೆ ಮೆದುಳಿನ ರಕ್ತನಾಳದ ತೊಂದರೆ.

ಬೆಳಿಗ್ಗೆ ಸರಿಯಿದ್ದು ಸಂಜೆಗೆ ರೆಪ್ಪೆ ಸೋಲುತ್ತಿದ್ದರೆ ಮಯಸ್ತೇನಿಯಾ ಗ್ರೇವಿಸ್, ಅಂದರೆ ಸ್ನಾಯುಗಳು ಬೇಗ ದಣಿದು ಸೋಲುವ ಕಾಯಿಲೆ, ಇದೆಯೇ ಅಂತ ನೋಡಿಸಬೇಕು. ಅದಕ್ಕೇ ಎರಡು ಹೊತ್ತು ಫೋಟೊ ತೆಗೆಯಿರಿ ಅಂದದ್ದು. ಥೈರಾಯ್ಡಿನಿಂದ ಕಣ್ಣು ಉಬ್ಬಿದ್ದರೆ, ಕಾಯಿಲೆ ಏರಿಳಿತವಿಲ್ಲದೆ ಕನಿಷ್ಠ 6 ತಿಂಗಳು ನಿಂತ ಮೇಲೆಯೇ ರೆಪ್ಪೆ ಮುಟ್ಟುವುದು. ರೆಪ್ಪೆಯ ಮೂಲೆಯಲ್ಲಿ ಹಳದಿ ಪದರ ಕಟ್ಟಿದ್ದರೆ ಮೊದಲು ಕೊಲೆಸ್ಟರಾಲ್ ಪರೀಕ್ಷೆ. ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ (ಲೇಸಿಕ್) ಆಗಿದ್ದರೆ ಕನಿಷ್ಠ 6 ತಿಂಗಳು ಕಳೆಯಲಿ. ಬಿಪಿ, ಶುಗರ್ ಹಿಡಿತದಲ್ಲಿರಬೇಕು. ಈ ಆಪರೇಷನ್ನಿನ ಮಟ್ಟಿಗೆ ಬಿಪಿ ಅತಿ ದೊಡ್ಡ ಶತ್ರು.

ಹಂತ 3: ಕತ್ತರಿ ಯಾರ ಕೈಯಲ್ಲಿ?

ಇದನ್ನು ಕಲಿತು ಮಾಡುವವರು ಎರಡು ದಾರಿಯಿಂದ ಬರುತ್ತಾರೆ. ಕಣ್ಣಿನ ವಿಭಾಗದಲ್ಲಿ ಎಂ.ಎಸ್. ಅಥವಾ ಡಿ.ಎನ್.ಬಿ. ಮಾಡಿ, ಆಮೇಲೆ ಆಕ್ಯುಲೋಪ್ಲಾಸ್ಟಿಯಲ್ಲಿ, ಅಂದರೆ ರೆಪ್ಪೆ ಮತ್ತು ಕಣ್ಣಿನ ಸುತ್ತಲಿನ ಪ್ಲಾಸ್ಟಿಕ್ ಸರ್ಜರಿಯಲ್ಲಿ, ಫೆಲೋಶಿಪ್ ಮುಗಿಸಿದವರು ಒಂದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಮಾಡಿದವರು ಇನ್ನೊಂದು. ಟೋಸಿಸ್ ಬೆರೆತಿದ್ದರೆ, ಕಣ್ಣು ಒಣಗುವ ತೊಂದರೆ ಇದ್ದರೆ ಮೊದಲನೆಯವರ ಹತ್ತಿರ ಹೋಗಿ ಅನ್ನುತ್ತೇನೆ. ಹುಬ್ಬು, ಹಣೆಯ ಕೆಲಸವೂ ಬೇಕಿದ್ದರೆ ಇಬ್ಬರಲ್ಲಿ ಆ ಅನುಭವ ಯಾರಿಗೆ ಹೆಚ್ಚೋ ಅವರು. "ಕಾಸ್ಮೆಟಿಕ್ ಸರ್ಜನ್" ಅಂತ ಬೋರ್ಡು ಬರೆಸಿದ ಮಾತ್ರಕ್ಕೆ ಈ ಎರಡರಲ್ಲಿ ಒಂದು ಆಗಿರಲೇಬೇಕು ಅಂತಿಲ್ಲ.

ಡಾಕ್ಟರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಹೊಂದಿಸಿ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ರಾಜ್ಯದ ಪ್ರತಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕೂ ನೋಂದಣಿಯಾಗಿರಬೇಕು, ಪ್ರಮಾಣಪತ್ರ ಕಣ್ಣಿಗೆ ಕಾಣುವಂತೆ ಹಾಕಿರಬೇಕು. ಗೋಡೆ ನೋಡಿ. ಕಾಣದಿದ್ದರೆ ಕೇಳಿ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಆಪರೇಷನ್ ಇಲ್ಲದೆ ರೆಪ್ಪೆ ಎತ್ತುತ್ತೇವೆ ಅಂತ ಪಾರ್ಲರುಗಳಲ್ಲಿ ಪೆನ್ನಿನಂಥ ಸಾಧನದಿಂದ ಚುಕ್ಕೆ ಚುಕ್ಕೆಯಾಗಿ ಚರ್ಮ ಸುಡುವುದೂ ಉಂಟು. ನಮ್ಮ ಕಂದು ಚರ್ಮದಲ್ಲಿ ಸುಟ್ಟ ಚುಕ್ಕೆ ತಿಂಗಳುಗಟ್ಟಲೆ ಕಲೆಯಾಗಿ ನಿಲ್ಲಬಹುದು, ಅದೂ ಕಣ್ಣಿನಿಂದ ಕೂದಲೆಳೆ ದೂರದಲ್ಲಿ. ಬೇಡ.

ಹಂತ 4: ಮೊದಲ ಭೇಟಿಯಲ್ಲಿ ಏನೇನು ಆಗಲೇಬೇಕು

ಡಾಕ್ಟರು ನಿಮ್ಮನ್ನು ನೋಡಿದ ರೀತಿಯೇ ಅವರ ಬಗ್ಗೆ ಅರ್ಧ ಹೇಳಿಬಿಡುತ್ತದೆ. ಹತ್ತು ನಿಮಿಷದಲ್ಲಿ ಫೋಟೊ ತೆಗೆದು ಎಸ್ಟಿಮೇಟ್ ಕೈಗಿಟ್ಟರೆ ಆ ಕಡೆ ಮತ್ತೆ ಹೋಗಬೇಡಿ.

ಒಂದೊಂದೇ ಕಣ್ಣಿನ ದೃಷ್ಟಿ ನೋಡಿ ಬರೆದಿಡಬೇಕು. ಮುಂದೆ ಏನಾದರೂ ಆದರೆ ಹೋಲಿಸಲು ಇದೇ ಆಧಾರ. ಕಣ್ಣೀರಿನ ಪರೀಕ್ಷೆ ಆಗಬೇಕು: ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತೇವೆ. ಪಟ್ಟಿ 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ನೆಮ್ಮದಿ, 5ಕ್ಕಿಂತ ಕಡಿಮೆಯಾದರೆ ಕಣ್ಣು ಒಣಗಿದೆ. ದಿನವಿಡೀ ಎಸಿಯಲ್ಲಿ ಕೂತು ಸ್ಕ್ರೀನ್ ನೋಡುವವರಲ್ಲಿ ಒಣಗಣ್ಣು ಅಪರೂಪವೇನಲ್ಲ. ಮೊದಲೇ ಒಣಗಿದ ಕಣ್ಣಿನ ರೆಪ್ಪೆಯನ್ನು ಗಿಡ್ಡ ಮಾಡಿದರೆ ಮರಳು ಹಾಕಿದಂತೆ ಚುಚ್ಚತೊಡಗುತ್ತದೆ.

ಕೆಳರೆಪ್ಪೆಯ ಆಪರೇಷನ್ ಆದರೆ ಅದನ್ನು ಬೆರಳಿನಿಂದ ಹಿಡಿದೆಳೆದು ಬಿಟ್ಟು ನೋಡಬೇಕು. ಪಟ್ಟನೆ ಕಣ್ಣಿಗೆ ಅಂಟಿದರೆ ಸರಿ. ಒಮ್ಮೆ ಕಣ್ಣು ಮಿಟುಕಿಸುವವರೆಗೂ ಜೋಲಾಡುತ್ತಿದ್ದರೆ ಸಡಿಲವಾಗಿದೆ. ಆಗ ಹೊರಮೂಲೆಯನ್ನು ಬಿಗಿ ಮಾಡದೆ ಚರ್ಮ ಮಾತ್ರ ತೆಗೆದರೆ ರೆಪ್ಪೆ ಕೆಳಕ್ಕೆ ಜಗ್ಗಿ ಬಿಳಿಗುಡ್ಡೆ ಕಾಣುತ್ತದೆ. ಸರಿಮಾಡಲು ಅತಿ ಕಷ್ಟವಾದ ತಪ್ಪುಗಳಲ್ಲಿ ಇದೂ ಒಂದು.

ನೀವು ಕೇಳಬೇಕಾದ ಪ್ರಶ್ನೆಗಳು: ನನಗಿರುವುದು ಚರ್ಮವೋ ಟೋಸಿಸ್ಸೋ? ಎಷ್ಟು ಚರ್ಮ ಉಳಿಸುತ್ತೀರಿ? ಹುಬ್ಬಿನ ಕೆಳಗಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರ್ ಉಳಿಯಬೇಕು ಅನ್ನುವುದು ಸರ್ಜನ್ನರ ರೂಢಿಯ ಲೆಕ್ಕ. ಅದಿಲ್ಲದಿದ್ದರೆ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಕೆಳರೆಪ್ಪೆಯ ಕೊಬ್ಬನ್ನು ಒಳಗಿನ ಕೆಂಪು ಪೊರೆಯ ಕಡೆಯಿಂದ ತೆಗೆಯುತ್ತೀರೋ, ರೆಪ್ಪೆಗೂದಲಿನ ಕೆಳಗೆ ಹೊರಗಿನಿಂದಲೋ? ಒಳಗಿನಿಂದಾದರೆ ಹೊರಗೆ ಕಲೆಯಿಲ್ಲ, ಆದರೆ ಜೋತ ಚರ್ಮ ಹಾಗೇ ಉಳಿಯುತ್ತದೆ. ಕೊಬ್ಬನ್ನು ತೆಗೆಯುತ್ತೀರೋ, ಪಕ್ಕದ ಗುಳಿಗೆ ಸರಿಸುತ್ತೀರೋ? ಜಾಸ್ತಿ ತೆಗೆದರೆ ವಯಸ್ಸಾದಂತೆ ಕಣ್ಣು ಗುಳಿ ಬೀಳುತ್ತದೆ.

ಕೊನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ, ನೀವು ಮರೆಯಬೇಡಿ: ಆಪರೇಷನ್ ಆದ ರಾತ್ರಿ 2 ಗಂಟೆಗೆ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಲಿ, ಎತ್ತುವವರು ಯಾರು?

ಹಂತ 5: ದುಡ್ಡು, ವಿಮೆ

ಎಸ್ಟಿಮೇಟಿನಲ್ಲಿ ಸರ್ಜನ್ ಫೀಸು, ಆಪರೇಷನ್ ಥಿಯೇಟರಿನ ಬಾಡಿಗೆ, ಅರಿವಳಿಕೆ ಡಾಕ್ಟರು, ಔಷಧಿ, ಹೊಲಿಗೆ ಬಿಚ್ಚುವುದು, ಮುಂದಿನ ಭೇಟಿಗಳು ಬಿಡಿಬಿಡಿಯಾಗಿ ಇರಲಿ. ಸರಿಯಾಗದೆ ಮತ್ತೆ ಮಾಡಬೇಕಾಗಿ ಬಂದರೆ ಯಾರ ಖರ್ಚು ಅನ್ನುವುದನ್ನೂ ಬರೆಸಿಕೊಳ್ಳಿ. ಅಂದಕ್ಕಾಗಿ ಮಾಡುವ ಸರ್ಜರಿಗೆ 18% ಜಿಎಸ್‌ಟಿ ಬೀಳುತ್ತದೆ. ಆರೋಗ್ಯ ವಿಮೆಯೂ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಹೊರಗಿಡುತ್ತದೆ. ರೆಪ್ಪೆ ದೃಷ್ಟಿಗೇ ಅಡ್ಡ ಬಂದಿದ್ದರೆ ದೃಷ್ಟಿಕ್ಷೇತ್ರ ಪರೀಕ್ಷೆ (ಕಣ್ಣು ಅಲುಗಿಸದೆ ಸುತ್ತ ಎಷ್ಟು ಕಾಣುತ್ತದೆ ಅಂತ ನೋಡುವುದು), ಫೋಟೊ, ಡಾಕ್ಟರ ಪತ್ರ ಇಟ್ಟುಕೊಂಡು ಆಪರೇಷನ್ನಿಗೆ ಮೊದಲೇ ವಿಮಾ ಕಂಪನಿಗೆ ಬರೆದು ಕೇಳಿ. ಆಮೇಲೆ ಕೇಳಿದರೆ ಉಪಯೋಗ ಕಡಿಮೆ.

ಹಂತ 6: ತಯಾರಿ

ದಿನಾಂಕದಿಂದ ಶುರುಮಾಡಿ. ಮನೆಯಲ್ಲಿ ಮದುವೆಯಿದ್ದರೆ ಅದಕ್ಕೆ ಕನಿಷ್ಠ ಎರಡು ಮೂರು ತಿಂಗಳ ಮೊದಲೇ ಆಗಿರಬೇಕು. "ಮದುವೆ 15 ದಿನ ಇದೆ, ಆಗುತ್ತಲ್ವಾ ಸಾರ್" ಅನ್ನುವವರಿಗೆ ನಮ್ಮ ಡಾಕ್ಟರು ಆಲ್ಬಂ ತುಂಬಾ ನೀಲಿ ಕಣ್ಣು ಬೇಕಾ ಅಂತ ಕೇಳುತ್ತಾರೆ.

ರಕ್ತ ತೆಳುಮಾಡುವ ಮಾತ್ರೆಗಳ ಪೂರ್ತಿ ಪಟ್ಟಿ ಕೊಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆಗಿದ್ದವರು ತಾವಾಗಿಯೇ ಆಸ್ಪಿರಿನ್ ನಿಲ್ಲಿಸಬಾರದು. ಹೃದಯದ ಡಾಕ್ಟರು ಮತ್ತು ಸರ್ಜನ್ ಮಾತಾಡಿಕೊಂಡು ನಿರ್ಧರಿಸಲಿ. ಪಟ್ಟಿಯಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಮೀನೆಣ್ಣೆ ಕ್ಯಾಪ್ಸೂಲ್, ವಿಟಮಿನ್ ಇ, ಬೆಳ್ಳುಳ್ಳಿ ಮಾತ್ರೆ, ಮಂಡಿನೋವಿನ ಗುಳಿಗೆ. "ಅದು ಆಯುರ್ವೇದದ್ದು, ಹೇಳಲಿಲ್ಲ" ಅನ್ನಬೇಡಿ. ಸಿಗರೇಟು ಸೇದುವವರು 4 ವಾರ ಮೊದಲೇ ಬಿಡಿ, ಗಾಯ ಮಾಯಲು ಅದು ಅಡ್ಡಿ.

ಮನೆಯಲ್ಲಿ ಜೋಡಿಸಿಡಬೇಕಾದದ್ದು: ಎರಡು ಮೂರು ದಿಂಬು, ಮೆತ್ತನೆಯ ಹತ್ತಿ ಬಟ್ಟೆ ಆರೇಳು, ಫ್ರೀಜರಿನಲ್ಲಿ ಬಟಾಣಿಯ ಎರಡು ಸಣ್ಣ ಪೊಟ್ಟಣ, ಡಾಕ್ಟರು ಬರೆದ ಡ್ರಾಪ್ಸು, ಮುಲಾಮು, ಪ್ಯಾರಾಸಿಟಮಾಲ್, ಅಗಲದ ಕಪ್ಪು ಕನ್ನಡಕ, ಮುಂದೆ ಗುಂಡಿಯಿರುವ ಅಂಗಿ. ತಲೆಯಿಂದ ಎಳೆದು ಹಾಕುವ ಬಟ್ಟೆ ರೆಪ್ಪೆಗೆ ಉಜ್ಜುತ್ತದೆ. ಹಿಂದಿನ ದಿನವೇ ಕಾಡಿಗೆ, ಮಸ್ಕಾರ ಪೂರ್ತಿ ತೆಗೆದು ತಲೆಸ್ನಾನ ಮುಗಿಸಿ.

ಹಂತ 7: ಆಪರೇಷನ್ ದಿನ

ಗುರುತು ಹಾಕುವುದನ್ನು ಗಮನಿಸಿ. ನಿಮ್ಮನ್ನು ನೇರ ಕೂರಿಸಿ, ಹಣೆ ಸಡಿಲ ಬಿಡಿಸಿ, ಚಿಮಟದಲ್ಲಿ ಮಡಿಕೆಯನ್ನು ಮೆತ್ತಗೆ ಚಿವುಟಿ, ರೆಪ್ಪೆಗೂದಲು ಇನ್ನೇನು ಮೇಲಕ್ಕೆ ತಿರುಗುವ ಜಾಗಕ್ಕೆ ಸಣ್ಣ ಪೆನ್ನಿನಿಂದ ಚುಕ್ಕಿ ಇಡುತ್ತಾರೆ. ಮತ್ತೆ ಚಿವುಟಿ, ಕಣ್ಣು ಮುಚ್ಚಿಸಿ, ಸ್ಕೇಲಿಟ್ಟು ಎರಡೂ ಕಡೆ ಅಳೆಯುತ್ತಾರೆ. ಮಲಗಿಸಿದ ಮೇಲೆ, ಅದರಲ್ಲೂ ಮರಗಟ್ಟುವ ಇಂಜೆಕ್ಷನ್ ಕೊಟ್ಟು ರೆಪ್ಪೆ ಊದಿದ ಮೇಲೆ, ಈ ಲೆಕ್ಕ ಸಿಗುವುದಿಲ್ಲ. ಅದಕ್ಕೆ ಗಡಿಬಿಡಿ ಮಾಡಬೇಡಿ, ಈ ಕಾಲು ಗಂಟೆಯಲ್ಲೇ ಅರ್ಧ ಫಲಿತಾಂಶ ನಿರ್ಧಾರವಾಗುತ್ತದೆ.

ಮೇಲ್ರೆಪ್ಪೆ ಮಾತ್ರವಾದರೆ ಸ್ಥಳೀಯ ಅರಿವಳಿಕೆ ಸಾಕು, ಹೆಚ್ಚೂಕಡಿಮೆ ಒಂದು ಗಂಟೆಯ ಕೆಲಸ. ಇಂಜೆಕ್ಷನ್ ಚುಚ್ಚುವಾಗ ಉರಿಯುತ್ತದೆ, ಆಮೇಲೆ ಎಳೆದಂತೆ ಮಾತ್ರ ಗೊತ್ತಾಗುತ್ತದೆ. ಅದೇ ದಿನ ಮನೆಗೆ. ಸ್ಕೂಟರಿನಲ್ಲಿ ಬೇಡ, ಕಾರು ಇಲ್ಲವೇ ಆಟೋದಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು.

ಹಂತ 8: ಮೊದಲ 48 ಗಂಟೆ

ಎಚ್ಚರವಿರುವಾಗ ಗಂಟೆಗೊಮ್ಮೆ 15 ನಿಮಿಷ ತಂಪು ಇಡಿ. ಐಸನ್ನು ನೇರ ಇಡಬಾರದು: ಮರಗಟ್ಟಿದ ಚರ್ಮಕ್ಕೆ ತಣ್ಣನೆಯ ಸುಟ್ಟಗಾಯ ಆದರೂ ಗೊತ್ತಾಗುವುದಿಲ್ಲ. ಬಟಾಣಿ ಪೊಟ್ಟಣವನ್ನು ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅದುಮದೆ ಇಡಿ. ಬಟಾಣಿ ಕಣ್ಣಿನ ಗುಳಿಗೆ ತಕ್ಕಂತೆ ಕೂರುತ್ತದೆ, ಐಸಿನ ಗಡ್ಡೆ ಕೂರುವುದಿಲ್ಲ. ಬಟ್ಟೆ ಒದ್ದೆಯಾದರೆ ಬದಲಿಸಿ, ಹೊಲಿಗೆಗೆ ನೀರು ಇಳಿಯಬಾರದು. ತಲೆ ಎತ್ತರದಲ್ಲಿಟ್ಟು ಅಂಗಾತ ಮಲಗಿ.

ಬಗ್ಗಬೇಡಿ, ಭಾರ ಎತ್ತಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ, ಮುಕ್ಕಿರಿಯುವಂತಾದರೆ ಮಲಬದ್ಧತೆಗೆ ಔಷಧಿ ಕೇಳಿ. ನಮ್ಮ ಸೋದರತ್ತೆಗೆ ಈ ಆಪರೇಷನ್ ಆದಾಗ ಎಲ್ಲ ಹೇಳಿ ಕಳಿಸಿದ್ದೆ. ಮೂರನೇ ದಿನ ಶುಕ್ರವಾರ. ಬೆಳಿಗ್ಗೆ ಯಾರೂ ಏಳುವ ಮೊದಲೇ ಬಾಗಿಲಿಗೆ ನೀರು ಹಾಕಿ, ಬಗ್ಗಿ ರಂಗೋಲಿ ಬಿಟ್ಟು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಇಳಿದಿದ್ದ ಎಡಗಣ್ಣು ಮತ್ತೆ ನೇರಳೆ ಹಣ್ಣು. "ನಾಲ್ಕೆಳೆ ಅಷ್ಟೇ ಕಣೋ" ಅಂದರು. ಆ ನಾಲ್ಕೆಳೆಗೆ ಎಂಟು ದಿನ ಹೆಚ್ಚಿಗೆ ಹಿಡಿಯಿತು. ನಮಸ್ಕಾರ, ನೆಲ ಒರೆಸುವುದು, ಬಿದ್ದ ಮಾತ್ರೆ ಹುಡುಕುವುದು ಎಲ್ಲವೂ ಬಗ್ಗುವುದೇ.

ಈಗ ಅತಿ ಮುಖ್ಯವಾದದ್ದು. ಕಣ್ಣುಗುಡ್ಡೆಯ ಹಿಂದೆ ರಕ್ತ ಕಟ್ಟಿಕೊಳ್ಳುವುದು ಅಪರೂಪ, ಸುಮಾರು 2000 ಜನರಲ್ಲಿ ಒಬ್ಬರಿಗೆ. ಆದರೆ ಗಮನಿಸದಿದ್ದರೆ ದೃಷ್ಟಿಯೇ ಹೋಗಬಹುದು. ಹೆಚ್ಚಾಗಿ ಮೊದಲ 24 ಗಂಟೆಯೊಳಗೆ ಆಗುತ್ತದೆ. ಗುರುತುಗಳು: ಒಂದೇ ಕಣ್ಣಿನಲ್ಲಿ ಏರುತ್ತಲೇ ಹೋಗುವ ನೋವು, ಕಲ್ಲಿನಂತೆ ಬಿಗಿದ ಊತ, ಕಣ್ಣು ಮುಂದಕ್ಕೆ ತಳ್ಳಿದಂತೆ ಆಗುವುದು, ಒಂದು ಎರಡಾಗಿ ಕಾಣುವುದು, ಮಂಜು ಕವಿಯುವುದು. ಸಾಮಾನ್ಯ ನೋವು ಪ್ಯಾರಾಸಿಟಮಾಲಿಗೆ ಬಗ್ಗುತ್ತದೆ, ಇದು ಬಗ್ಗುವುದಿಲ್ಲ.

ಗೋಡೆಯ ಮೇಲಿನ ಕ್ಯಾಲೆಂಡರು ಇದಕ್ಕೆ ಒಳ್ಳೆಯ ಉಪಕರಣ. ಮೊದಲ ದಿನ ಎಚ್ಚರವಿರುವಾಗ ಗಂಟೆಗೊಮ್ಮೆ, ರಾತ್ರಿ ಎದ್ದಾಗಲೂ, ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು ಇನ್ನೊಂದರಲ್ಲಿ ತಿಥಿ ನಕ್ಷತ್ರದ ಸಣ್ಣಕ್ಷರ ಓದಿ. ಅಂಗೈ ಕಣ್ಣಿಗೆ ತಾಗಬಾರದು. ಮುಲಾಮಿನ ಮಸುಕು ನಾಲ್ಕು ಸಲ ಮಿಟುಕಿಸಿದರೆ ತಿಳಿಯಾಗುತ್ತದೆ. ತಿಳಿಯಾಗದೆ ಒಂದು ಕಣ್ಣು ಮಂದವಾಗುತ್ತಾ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ನಾಲ್ಕನೇ ಹಂತದಲ್ಲಿ ಬರೆಸಿಕೊಂಡ ನಂಬರಿಗೆ ಫೋನ್ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ. ಎಷ್ಟು ಬೇಗ ಹೊಲಿಗೆ ಬಿಚ್ಚಿ ಒತ್ತಡ ಇಳಿಸಿದರೆ ದೃಷ್ಟಿ ಉಳಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮನೆಮದ್ದಿನ ಮಾತು: ನಂದಿಬಟ್ಟಲ ಹೂವಿನ ರಸ, ಹರಳೆಣ್ಣೆ, ಜೇನು, ಎದೆಹಾಲು, ಅರಿಸಿನ ಯಾವುದೂ ಬೇಡ. ಹಿರಿಯರು ಪ್ರೀತಿಯಿಂದಲೇ ತರುತ್ತಾರೆ. ಹಸಿ ಗಾಯಕ್ಕೆ ಸೋಂಕೂ ಅದರ ಜೊತೆಗೇ ಬರುತ್ತದೆ.

ಹಂತ 9: ಮುಂದಿನ ವಾರಗಳು

ಎರಡನೇ, ಮೂರನೇ ದಿನ ಊತ ಅತಿ ಹೆಚ್ಚು. ಕನ್ನಡಿ ನೋಡಿ ಅಳುವವರೂ ಇದ್ದಾರೆ, ಅಲ್ಲಿಂದ ಇಳಿಮುಖ. ಹೊಲಿಗೆ 5ರಿಂದ 7 ದಿನಕ್ಕೆ ಬಿಚ್ಚುತ್ತಾರೆ. ನೀಲಿ ಬಣ್ಣ ಹಸಿರಾಗಿ ಹಳದಿಯಾಗಿ ಎರಡು ವಾರದಲ್ಲಿ ಮಾಸುತ್ತದೆ. ಕಾಡಿಗೆ, ಮೇಕಪ್, ಕಾಂಟ್ಯಾಕ್ಟ್ ಲೆನ್ಸ್ ಎರಡು ವಾರ ಬೇಡ, ಆಮೇಲೂ ಡಾಕ್ಟರನ್ನು ಕೇಳಿಯೇ. ಜಿಮ್ಮು, ಓಟ, ಯೋಗದಲ್ಲಿ ತಲೆ ಕೆಳಗಾಗುವ ಆಸನಗಳು ಮೂರು ವಾರ, ಈಜು ಒಂದು ತಿಂಗಳು ದೂರವಿರಲಿ. ಹೋಮದ ಹೊಗೆ, ಬೈಕಿನ ಧೂಳು ಕೂಡ. ಹೊಸ ಕಾಡಿಗೆ ಡಬ್ಬಿ ತೆಗೆದುಕೊಳ್ಳಿ, ಹಳೆಯದನ್ನು ಎಸೆಯಿರಿ.

ಹೊರಗೆ ಹೋದರೆ ಕಪ್ಪು ಕನ್ನಡಕ, ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರು ಹೇಳಿದ ಸನ್‌ಸ್ಕ್ರೀನ್. ಕಂದು ಚರ್ಮದಲ್ಲಿ ಗಾಯದ ಗೆರೆ ಬಿಸಿಲಿಗೆ ಕಪ್ಪಾಗುತ್ತದೆ.

ಈ ಹೊತ್ತಿನಲ್ಲಿ ಡಾಕ್ಟರಿಗೆ ತೋರಿಸಬೇಕಾದದ್ದು: ಜ್ವರ, ಕೀವು, ದಿನೇ ದಿನೇ ಹೆಚ್ಚುವ ಕೆಂಪು, ಬಿಳಿಗುಡ್ಡೆಯ ಮೇಲೆ ನೀರುಗುಳ್ಳೆಯಂತೆ ಪೊರೆ ಉಬ್ಬುವುದು, ಕೆಳರೆಪ್ಪೆ ಕಣ್ಣಿನಿಂದ ಬಿಟ್ಟುಕೊಳ್ಳುವುದು. ನಿದ್ದೆಯಲ್ಲಿ ಕಣ್ಣು ತುಸು ತೆರೆದಿರುವುದು ಮೊದಲ ಕೆಲವು ದಿನ ಸಹಜ, ಮುಲಾಮು ಹಚ್ಚಿದರೆ ಸಾಕು. ಎರಡು ಮೂರು ವಾರವಾದರೂ ಹಾಗೇ ಇದ್ದರೆ ಸಹಜವಲ್ಲ. ಗೆರೆಯ ಮೇಲೆ ಸಾಸಿವೆಯಂಥ ಬಿಳಿ ಚುಕ್ಕೆ ಎದ್ದರೆ ಗಾಬರಿ ಬೇಡ, ಚಿವುಟಲೂ ಬೇಡ. ಉಳಿದರೆ ಡಾಕ್ಟರು ಸೂಜಿಯಲ್ಲಿ ತೆಗೆಯುತ್ತಾರೆ.

ಎರಡು ಕಣ್ಣೂ ಒಂದೇ ವೇಗದಲ್ಲಿ ಮಾಯುವುದಿಲ್ಲ. ಮೂರನೇ ವಾರದಲ್ಲಿ ಸ್ಕೇಲು ಹಿಡಿದು ಕೂರಬೇಡಿ. ಗೆರೆ ಮೂರು ತಿಂಗಳವರೆಗೂ ಕೆಂಪಗಿರಬಹುದು; ಮತ್ತೊಮ್ಮೆ ತಿದ್ದುವ ಮಾತು ಸಾಮಾನ್ಯವಾಗಿ 6 ತಿಂಗಳ ನಂತರ. ಅದಕ್ಕಿಂತ ಮೊದಲು ಬೇರೆ ಕಡೆ ಹೋಗಿ ಅವಸರದಲ್ಲಿ ಮಾಡಿಸಿಕೊಂಡವರ ರೆಪ್ಪೆಯಲ್ಲಿ ಚರ್ಮವೇ ಸಾಲದೆ ಹೋದದ್ದನ್ನು ನೋಡಿದ್ದೇನೆ.

ಇನ್ನು ನನ್ನ ಕುರ್ಚಿಯ ಮಾತು. ಭಾರದ ರೆಪ್ಪೆ ಕಣ್ಣಿನ ಮೇಲೆ ಒತ್ತುತ್ತಿರುತ್ತದೆ. ಆ ಒತ್ತಡ ಬದಲಾದಾಗ ಕನ್ನಡಕದ ನಂಬರು, ಅದರಲ್ಲೂ ಕಣ್ಣಿನ ಮೇಲ್ಮೈಯ ಓರೆ ವಕ್ರತೆಗೆ ಕೊಡುವ ಸಿಲಿಂಡರ್ ಪವರ್, ಸ್ವಲ್ಪ ಬದಲಾಗಬಹುದು. ಆಪರೇಷನ್ ಆದ ತಿಂಗಳಲ್ಲೇ ಹೊಸ ಮುಖಕ್ಕೆ ಹೊಸ ಫ್ರೇಮು ಅಂತ ದುಬಾರಿ ಲೆನ್ಸ್ ಹಾಕಿಸಿ, ಆಮೇಲೆ ಮಂಜಾಗಿದೆ ಅಂತ ಬರುತ್ತಾರೆ. ಮೂರು ತಿಂಗಳು ಹಳೇ ಕನ್ನಡಕದಲ್ಲೇ ಓಡಿಸಿ. ಆಮೇಲೆ ಬನ್ನಿ, ಪರೀಕ್ಷೆ ಮಾಡುತ್ತೇನೆ.